ಹಾಲಿನ ಸೂಜಿ, ಔಷಧ ಚೀಟಿ ಮತ್ತು ಅಂಗಡಿಯ ದಾಖಲೆ ಪುಸ್ತಕ

ಕಳೆದ ಬೇಸಿಗೆಯಲ್ಲಿ ಹಸಿರು ಮೇವಿನ ಬೆಳೆಗಳ ಬಗ್ಗೆ ಮಾತನಾಡಲು ಕೆಂಗೇರಿ ಹೋಬಳಿಯ ಒಂದು ಹಳ್ಳಿಗೆ ಹೋಗಿದ್ದೆ. ಸಭೆ ಮುಗಿದ ಮೇಲೆ ರೈತ ಮಹಿಳೆಯೊಬ್ಬರು ಸೆರಗಿನ ಮರೆಯಿಂದ ಒಂದು ಪ್ಲಾಸ್ಟಿಕ್ ಸೀಸೆ ತೆಗೆದು ತೋರಿಸಿದರು. “ಈ ಮದ್ದು ಚುಚ್ಚದಿದ್ರೆ ನಮ್ಮ ಹಸ ಹಾಲೇ ಇಳಿಸಲ್ಲ ಸ್ವಾಮಿ. ಮೊದಲು ಒಂದು ಹೊತ್ತಿಗೆ ಸಾಕಾಗ್ತಿತ್ತು, ಈಗ ಎರಡು ಹೊತ್ತೂ ಬೇಕು” ಎಂದರು. ಸೀಸೆಯ ಮೇಲೆ ಹೆಸರಿರಲಿಲ್ಲ. ತಯಾರಿಸಿದವರು ಯಾರು, ಯಾವ ದಿನ ತಯಾರಾಯಿತು ಎಂಬುದೂ ಇರಲಿಲ್ಲ. ಸಂತೆಯಲ್ಲಿ ಯಾರೋ ಒಬ್ಬಾತನಿಂದ ರಸೀದಿ ಇಲ್ಲದೆ ಕೊಂಡದ್ದು.

ನಾನು ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಆ ಸೀಸೆಯ ಹಿಂದಿರುವ ವಿಷಯವನ್ನು ಹೈನುಗಾರಿಕೆ ಮಾಡುವ ಪ್ರತಿಯೊಬ್ಬ ರೈತನೂ ತಿಳಿದಿರಬೇಕು.

ಸೂಜಿ ಮಾಡುವುದೇನು?

ಹಾಲು ಇಳಿಸಲು ಹೀಗೆ ಕದ್ದುಮುಚ್ಚಿ ಬಳಕೆಯಾಗುವ ಮದ್ದು ಸಾಮಾನ್ಯವಾಗಿ ಆಕ್ಸಿಟೋಸಿನ್. ಇದು ಹಸುವಿನ ದೇಹದಲ್ಲೇ ಹುಟ್ಟುವ ಚೋದಕ ರಸ. ಕರು ಮೊಲೆಗೆ ಬಾಯಿ ಹಾಕಿದಾಗ, ಅಥವಾ ಬೆಚ್ಚಗಿನ ನೀರಿನಿಂದ ಕೆಚ್ಚಲನ್ನು ತೊಳೆದಾಗ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಇದು ರಕ್ತಕ್ಕೆ ಸೇರುತ್ತದೆ. ಸುಮಾರು ಒಂದು ನಿಮಿಷದಲ್ಲಿ ಕೆಚ್ಚಲನ್ನು ತಲುಪಿ, ಹಾಲಿನ ಕೋಶಗಳ ಸುತ್ತಲಿನ ಸಣ್ಣ ಸ್ನಾಯುಗಳನ್ನು ಹಿಂಡಿ ಹಾಲನ್ನು ಕೆಳಕ್ಕೆ ದೂಡುತ್ತದೆ. ಇದರ ಪ್ರಭಾವ ಕೆಲವೇ ನಿಮಿಷ ಇರುತ್ತದೆ. ಆದ್ದರಿಂದಲೇ ಹಾಲು ಇಳಿದ ಮೇಲೆ 5ರಿಂದ 7 ನಿಮಿಷಗಳಲ್ಲಿ ಕರೆದು ಮುಗಿಸಬೇಕೆಂದು ಹೇಳುವುದು.

ಸೂಜಿಯ ಮದ್ದು ಹೊಸ ಹಾಲನ್ನು ಹುಟ್ಟಿಸುವುದಿಲ್ಲ. ಕೆಚ್ಚಲಿನಲ್ಲಿ ಆಗಲೇ ಇರುವುದನ್ನು ಹೊರಕ್ಕೆ ದೂಡುತ್ತದೆ, ಅಷ್ಟೆ. ಇದನ್ನು ದಿನವೂ ಚುಚ್ಚುತ್ತ ಬಂದರೆ ಹಸು ತನ್ನ ಸ್ವಂತ ಚೋದಕ ರಸಕ್ಕೆ ಸರಿಯಾಗಿ ಸ್ಪಂದಿಸದೆ ಸೂಜಿಗೇ ಒಗ್ಗಿಹೋಗುತ್ತದೆ. ಆ ತಾಯಿ ಹೇಳಿದ್ದೂ ಇದನ್ನೇ. ಈ ಮದ್ದಿಗೆ ಗರ್ಭಕೋಶದ ಸ್ನಾಯುಗಳನ್ನು ಹಿಂಡುವ ಗುಣವೂ ಇದೆ. ತೊಳೆಯದ ಸೂಜಿಯನ್ನೇ ಮತ್ತೆ ಮತ್ತೆ ಬಳಸಿದರೆ ಚುಚ್ಚಿದ ಜಾಗದಲ್ಲಿ ಕೀವು, ಬಾವು ಕಟ್ಟಿಕೊಳ್ಳುತ್ತದೆ.

ಇದೇ ಮದ್ದು ತಾಯಂದಿರ ಪ್ರಾಣ ಉಳಿಸುತ್ತದೆ

ಹಾಗೆಂದು ಆಕ್ಸಿಟೋಸಿನ್ ಕೆಟ್ಟ ಔಷಧವೆಂದು ತಿಳಿಯಬಾರದು. ಹೆರಿಗೆಯಾದ ಕೂಡಲೇ ಆಗುವ ಅತಿ ರಕ್ತಸ್ರಾವವನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಶಿಫಾರಸು ಮಾಡುವ ಔಷಧ ಇದೇ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಸಂತೆಯ ಬಿಸಿಲಿನಲ್ಲಿಟ್ಟ ಮದ್ದಿನ ಶಕ್ತಿ ಎಷ್ಟು ಉಳಿದಿದೆಯೋ ಹೇಳಬಲ್ಲವರಿಲ್ಲ. ಪಶುವೈದ್ಯರೂ ಕಷ್ಟದ ಸಂದರ್ಭಗಳಲ್ಲಿ ಇದನ್ನು ತಕ್ಕ ಪ್ರಮಾಣದಲ್ಲಿ ಬಳಸುತ್ತಾರೆ.

ಕೊಟ್ಟಿಗೆಯಲ್ಲಿ ದುರುಪಯೋಗ ಹೆಚ್ಚಿತೆಂಬ ಕಾರಣದಿಂದ 2018ರ ಏಪ್ರಿಲ್ 27ರಂದು ಕೇಂದ್ರ ಸರ್ಕಾರ ಒಂದು ಕಠಿಣ ಆಜ್ಞೆ ಹೊರಡಿಸಿತು. ದೇಶದೊಳಗಿನ ಬಳಕೆಗಾಗಿ ಖಾಸಗಿ ಕಾರ್ಖಾನೆಗಳು ಆಕ್ಸಿಟೋಸಿನ್ ತಯಾರಿಸುವಂತಿಲ್ಲ. ಸರ್ಕಾರಿ ವಲಯದ ತಯಾರಕರು ಮಾತ್ರ ತಯಾರಿಸಬೇಕು ಎಂದಾಯಿತು. ಆ ಹೊಣೆ ಬಿದ್ದದ್ದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯ ಮೇಲೆ. 1981ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಕಚೇರಿ ಬಹುಕಾಲ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿತ್ತು, ಕಾರ್ಖಾನೆ ಪೀಣ್ಯದಲ್ಲಿದೆ.

ಇಡೀ ದೇಶದ ಹೆರಿಗೆ ಆಸ್ಪತ್ರೆಗಳಿಗೆ ಒಂದೇ ಕಾರ್ಖಾನೆಯಿಂದ ಪೂರೈಕೆಯಾದರೆ, ಅಲ್ಲಿ ಒಂದು ದಿನ ಕೆಲಸ ನಿಂತರೂ ತಾಯಂದಿರ ಗತಿಯೇನು ಎಂಬ ಆತಂಕ ಎದ್ದಿತು. ಆಜ್ಞೆಯ ಜಾರಿ ಜುಲೈ 1ರಿಂದ ಸೆಪ್ಟೆಂಬರ್ 1ಕ್ಕೆ ಮುಂದೆ ಹೋಯಿತು. ಔಷಧ ಕಂಪನಿಗಳೂ ಸಾರ್ವಜನಿಕ ಹಿತದ ಒಂದು ಸಂಘಟನೆಯೂ ನ್ಯಾಯಾಲಯಕ್ಕೆ ಹೋದವು. 2018ರ ಡಿಸೆಂಬರ್ 14ರಂದು ದೆಹಲಿ ಉಚ್ಚ ನ್ಯಾಯಾಲಯ ಆಜ್ಞೆಯನ್ನು ರದ್ದುಪಡಿಸಿತು. ಸರ್ಕಾರದ ಮೇಲ್ಮನವಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 2019ರ ಆಗಸ್ಟ್‌ನಲ್ಲಿ ಹೆಚ್ಚು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಲ್ಪಟ್ಟಿತು.

ಈ ಪ್ರಕರಣದಿಂದ ರೈತರು ಕಲಿಯಬೇಕಾದುದು ಒಂದಿದೆ. ಹೆಸರಿಲ್ಲದ ಸೀಸೆಗೆ ಯಾವ ಕಾರ್ಖಾನೆಯ ಬಾಗಿಲು ಮುಚ್ಚಿದರೂ ಲೆಕ್ಕಕ್ಕಿಲ್ಲ. ಅದು ಯಾವ ಬಾಗಿಲಿನಿಂದ ಬಂತೆಂದೇ ಗೊತ್ತಿರುವುದಿಲ್ಲ. ಅದನ್ನು ತಡೆಯುವುದು ರಸೀದಿ, ಚೀಟಿ ಮತ್ತು ದಾಖಲೆ.

ಅಂಗಡಿಯ ಪುಸ್ತಕದಲ್ಲಿ ರೈತನ ಹೆಸರು

ನಮ್ಮಲ್ಲಿ ಔಷಧಗಳ ಮಾರಾಟ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿ ಕಾಯಿದೆ ಹಾಗೂ 1945ರ ನಿಯಮಗಳಿಗೆ ಒಳಪಟ್ಟಿದೆ. ಆಕ್ಸಿಟೋಸಿನ್ ಈ ನಿಯಮಗಳ ‘ಎಚ್’ ಅನುಸೂಚಿಗೆ ಸೇರಿದೆ. ಅಂದರೆ ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಅದನ್ನು ಚಿಲ್ಲರೆಯಾಗಿ ಮಾರುವಂತಿಲ್ಲ. ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ಔಷಧದ ಪ್ರಮಾಣ ಇರಬೇಕು. ದನಕ್ಕೆ ಬರೆದ ಔಷಧವಾದರೆ ದನದ ಮಾಲೀಕನ ಹೆಸರು, ವಿಳಾಸವೂ ಇರಬೇಕು.

ಅಂಗಡಿಯವರು ತಮ್ಮ ಪುಸ್ತಕದಲ್ಲಿ ಅಥವಾ ಬಿಲ್ಲಿನ ಪ್ರತಿಯಲ್ಲಿ ಚೀಟಿ ಬರೆದವರು, ಮಾಲೀಕ, ಔಷಧ, ಪ್ರಮಾಣ, ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಇವುಗಳನ್ನು ದಾಖಲಿಸಬೇಕು. ಫಾರ್ಮಸಿಸ್ಟರ ಸಹಿಯೂ ಬೇಕು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ‘ಎಚ್-1’ ಅನುಸೂಚಿಯ ಔಷಧಗಳಿಗೆ ಪ್ರತ್ಯೇಕ ಪುಸ್ತಕವಿಟ್ಟು ಮೂರು ವರ್ಷ ಕಾಪಾಡಬೇಕು. ಪ್ರಬಲ ಆಂಟಿಬಯಾಟಿಕ್‌ಗಳು ಹಲವು ಈ ಪಟ್ಟಿಯಲ್ಲಿವೆ. ಔಷಧ ಪರಿವೀಕ್ಷಕರು ಈ ಪುಸ್ತಕಗಳನ್ನು ತೆರೆಸಿ ನೋಡಬಹುದು. 2023ರ ಆಗಸ್ಟ್ 1ರಿಂದ 300 ಬ್ರಾಂಡ್‌ಗಳ ಔಷಧಗಳ ಮೇಲೆ ಕ್ಯೂಆರ್ ಕೋಡ್ ಅಥವಾ ಬಾರ್ ಕೋಡ್ ಕಡ್ಡಾಯವಾಗಿದೆ. ಬ್ಯಾಚ್ ಸಂಖ್ಯೆ, ತಯಾರಕರ ಹೆಸರು ಮೊದಲಾದ ವಿವರಗಳು ಅದರಲ್ಲಿ ಸಿಗುತ್ತವೆ.

“ಇದೆಲ್ಲ ಸರ್ಕಾರದ ಕಾಟ” ಎನ್ನುವ ರೈತರಿದ್ದಾರೆ. ಆದರೆ ಮದ್ದು ಹಾಕಿದ ಮರುದಿನ ಹಸು ಸತ್ತರೆ ನಿಮ್ಮ ಕೈಯಲ್ಲಿ ಉಳಿಯುವ ಸಾಕ್ಷಿ ಯಾವುದು? ಬ್ಯಾಚ್ ಸಂಖ್ಯೆ ಇರುವ ಆ ರಸೀದಿಯೇ. ಕೀಟನಾಶಕ ಕೊಳ್ಳುವಾಗ ಬಿಲ್ಲು ಕೇಳಬೇಕೆಂದು ನಾವು ಹೇಳುತ್ತಲೇ ಬಂದಿದ್ದೇವೆ; ದನದ ಔಷಧಕ್ಕೂ ಅದೇ ಮಾತು.

ಹಾಲು ಇಳಿಸಲು ಹಸುವಿಗೆ ಹಾನಿಕರವಾದ ಸೂಜಿ ಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 12ನೆಯ ಕಲಮಿನ ಪ್ರಕಾರ ಅಪರಾಧ. ಸಾವಿರ ರೂಪಾಯಿಯವರೆಗೆ ದಂಡ, ಎರಡು ವರ್ಷದವರೆಗೆ ಸೆರೆವಾಸ ಆಗಬಹುದು. ಹಸುವನ್ನೂ ಸರ್ಕಾರ ವಶಪಡಿಸಿಕೊಳ್ಳಬಹುದು.

ರೈತರು ಅನುಸರಿಸಬೇಕಾದ ಕ್ರಮಗಳು

1. ಹೆಸರು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕ ಇಲ್ಲದ ಯಾವ ಔಷಧವನ್ನೂ ಕೊಳ್ಳಬೇಡಿ. ದನದ ಔಷಧದ ಮೇಲೆ ‘ಪ್ರಾಣಿ ಚಿಕಿತ್ಸೆಗೆ ಮಾತ್ರ’ ಎಂಬ ಸೂಚನೆಯೂ ಸಾಕುಪ್ರಾಣಿಯ ತಲೆಯ ಗುರುತೂ ಇರಬೇಕು.

2. ಪಶುವೈದ್ಯರ ಚೀಟಿಯನ್ನೂ ರಸೀದಿಯನ್ನೂ ಒಟ್ಟಿಗೆ ಜೋಪಾನ ಮಾಡಿ. ಔಷಧ ಹಾಕಿದ ದಿನವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ.

3. ಔಷಧ ಹಾಕಿದ ಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂಬುದನ್ನು ಲೇಬಲ್ಲಿನಲ್ಲಿ ನೋಡಿ. 2012ರ ನಿಯಮದಂತೆ ಬೇರೆ ಅವಧಿ ನಿಗದಿಯಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ.

4. ಸೂಜಿಗೆ ಒಗ್ಗಿದ ಹಸುವನ್ನು ಪಶುವೈದ್ಯರ ಸಲಹೆಯಂತೆಯೇ ಬಿಡಿಸಬೇಕು. ಮೊದಲ ದಿನಗಳಲ್ಲಿ ಹಾಲು ಕಡಿಮೆಯಾಗಬಹುದು; ಧೈರ್ಯಗೆಡಬಾರದು. ಹಾಲು ಕೆಚ್ಚಲಿನಲ್ಲೇ ಉಳಿದು ಕೆಚ್ಚಲು ಬಾವು ಬಾರದಂತೆ ಎಚ್ಚರ ವಹಿಸಬೇಕು.

5. ದಿನವೂ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರೇ ಕರೆಯಿರಿ. ಹಸುವನ್ನು ಹೊಡೆಯುವುದು, ಗದರುವುದು, ನಾಯಿ ಬಿಡುವುದು ಸಲ್ಲದು. ಹೆದರಿದ ಹಸು ಹಾಲು ಬಿಗಿಹಿಡಿಯುತ್ತದೆ.

ಹಾಲು ಹುಟ್ಟುವುದು ಹೊಲದಲ್ಲಿ

ಕೊನೆಗೆ ನನ್ನ ಶಾಸ್ತ್ರದ ಒಂದು ಮಾತು. ಬರೀ ರಾಗಿ ಹುಲ್ಲು ತಿಂದ ಹಸುವಿಗೆ ಯಾವ ಸೂಜಿ ಚುಚ್ಚಿದರೂ ಇಲ್ಲದ ಹಾಲು ಬಾರದು. ಮಿಶ್ರತಳಿ ಹಸುವಿಗೆ ದಿನಕ್ಕೆ 20ರಿಂದ 25 ಕಿಲೋ ಹಸಿರು ಮೇವು, 5ರಿಂದ 6 ಕಿಲೋ ಒಣಮೇವು ಕೊಡಿ. ದೇಹಪೋಷಣೆಗೆ ಒಂದೂವರೆ ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಸೇರಿಸಿ. ಖನಿಜ ಮಿಶ್ರಣ 50 ಗ್ರಾಂ ಇರಲಿ. ಕುಡಿಯುವ ನೀರು ಸದಾ ಮುಂದಿರಲಿ. ಹೊಲದ ಒಂದು ಅಂಚಿನಲ್ಲಿ ಹೈಬ್ರಿಡ್ ನೇಪಿಯರ್ ನಾಟಿ ಮಾಡಿದರೆ ಸುಮಾರು 75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 45 ದಿನಕ್ಕೊಂದು ಕೊಯ್ಲು. ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತೆ ಇದ್ದರೆ ಸಸಾರಜನಕವೂ ಸಿಗುತ್ತದೆ.

ಆ ತಾಯಿಗೆ ನಾನು ಹೇಳಿದ್ದೂ ಇಷ್ಟೇ: “ಸೀಸೆಯನ್ನು ದನದ ಡಾಕ್ಟರಿಗೆ ತೋರಿಸಿ, ಕರುವನ್ನು ಹಸುವಿನ ಮುಂದೆ ಕಟ್ಟಿ, ಬದುವಿನ ಮೇಲೆ ನಾಲ್ಕು ಸಾಲು ಹುಲ್ಲು ನೆಡಿ.” ಮುಂದಿನ ಸಲ ಔಷಧ ಕೊಳ್ಳುವಾಗ ರಸೀದಿ ಕೇಳಲು ಯಾವ ರೈತರೂ ಸಂಕೋಚಪಡಬೇಕಾಗಿಲ್ಲ.