ಗ್ಯಾಸ್ ಗೀಸರ್: ಬೆಂಕಿ ಬಚ್ಚಲ ಹೊರಗಿರಲಿ

ಚಳಿ ಶುರುವಾದರೆ ಬಿಸಿನೀರಿಲ್ಲದೆ ಮನೆಯಲ್ಲಿ ಬೆಳಗಾಗುವುದಿಲ್ಲ. ಸುಬ್‌ಹಿ ಬಾಂಗ್‌ಗೆ ಎದ್ದವರಿಗೆ ವುಝೂ ಮಾಡ್ಲಿಕ್ಕೆ ಬೇಕು, ಮದ್ರಸಕ್ಕೆ ಹೊರಟ ಮಕ್ಕಳಿಗೆ ಮುಖ ತೊಳೀಲಿಕ್ಕೆ ಬೇಕು, ಮನೆಯಲ್ಲಿ ಬಾಣಂತಿ ಇದ್ದರಂತೂ ಹಂಡೆಗಟ್ಟಲೆ ಬೇಕು. ಕೊಳ್ಳೇಗಾಲದಿಂದ ಹನೂರು, ಮಹದೇಶ್ವರ ಬೆಟ್ಟದ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಕಾಮಗೆರೆಯಲ್ಲಿ ಕರಾವಳಿಗಿಂತ ಚಳಿ ಜಾಸ್ತಿ. ಮಂಗಳೂರು ಕಡೆಯಿಂದ ವ್ಯಾಪಾರಕ್ಕೋ ಕೆಲಸಕ್ಕೋ ಘಟ್ಟ ಹತ್ತಿ ಬಂದು ಬಾಡಿಗೆ ಮನೆ ಹಿಡಿದವರು ಮೊದಲು ಕೇಳುವುದೇ 'ಬಿಸಿನೀರಿಗೆ ಏನು ವ್ಯವಸ್ಥೆ ಉಂಟು' ಅಂತ. ಸೌದೆ ಸುಲಭಕ್ಕೆ ಸಿಗುವುದಿಲ್ಲ, ಕರೆಂಟ್ ಯಾವಾಗ ಹೋಗುತ್ತದೆ ಹೇಳ್ಲಿಕ್ಕಾಗುವುದಿಲ್ಲ. ಹಾಗಾಗಿ ಗ್ಯಾಸ್ ಗೀಸರ್ ಬಂದು ಬಚ್ಚಲ ಗೋಡೆಗೆ ಕೂತಿದೆ. ನಲ್ಲಿ ತಿರುಗಿಸಿದರೆ ಸಾಕು, ಬಿಸಿನೀರು.

ಈ ಅನುಕೂಲದ ಜೊತೆಗೇ ಒಂದು ಅಪಾಯವೂ ಮನೆಯೊಳಗೆ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ನೆರೆಯ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆಂದು ಬಚ್ಚಲಿಗೆ ಹೋದ ಅಕ್ಕ ತಂಗಿಯರಿಬ್ಬರು ಜೀವಂತ ಹೊರಗೆ ಬರಲಿಲ್ಲ. ಇಬ್ಬರೂ ಇಪ್ಪತ್ತರ ಆಸುಪಾಸಿನ ಮಕ್ಕಳು. 2023ರ ಜೂನ್‌ನಲ್ಲಿ ಬೆಂಗಳೂರಿನ ಚಿಕ್ಕಜಾಲ ಬಳಿ ಬಾಡಿಗೆ ಮನೆಯಲ್ಲಿದ್ದ ಯುವಕ ಯುವತಿ ಹೀಗೆಯೇ ತೀರಿಕೊಂಡರು. ಎರಡು ಕಡೆಯೂ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು.

ಇಂಥ ಸುದ್ದಿ ಬಂದಾಗಲೆಲ್ಲ 'ಗೀಸರ್ ಅನಿಲ ಸೋರಿಕೆ' ಎಂದು ಬರೆಯುತ್ತಾರೆ. ನಮ್ಮ ತಕರಾರು ಈ 'ಸೋರಿಕೆ' ಎಂಬ ಮಾತಿನ ಮೇಲೆ. ಅದನ್ನು ಓದಿದವರು ಎದ್ದು ಹೋಗಿ ತಮ್ಮ ಗೀಸರ್ ಮೂಸಿ ನೋಡುತ್ತಾರೆ. ವಾಸನೆ ಇಲ್ಲ, ಪೈಪು ಸರಿಯುಂಟು, ನಮಗೇನೂ ಆಗುವುದಿಲ್ಲ ಎಂದು ನಿಶ್ಚಿಂತೆಯಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಗೀಸರ್ ಇರುವ ಬಚ್ಚಲಲ್ಲಿ ಜೀವ ಹೋಗ್ಲಿಕ್ಕೆ ಗ್ಯಾಸ್ ಸೋರಬೇಕೆಂದೇನೂ ಇಲ್ಲ. ಒಂದು ಹನಿಯೂ ಸೋರದ ಹೊಚ್ಚ ಹೊಸ ಗೀಸರ್ ಕೂಡ ಮುಚ್ಚಿದ ಬಚ್ಚಲಲ್ಲಿ ಉರಿದರೆ ಕೊಲ್ಲಬಹುದು.

ವಾಸನೆ ಇಲ್ಲದ ವಿಷ

ಸಿಲಿಂಡರಿನ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಮರ್ಕಾಪ್ಟನ್ ಎಂಬ ಕೊಳೆತ ವಾಸನೆಯ ರಾಸಾಯನಿಕವನ್ನು ಕಂಪನಿಯವರೇ ಸೇರಿಸುತ್ತಾರೆ. ಆದರೆ ಉರಿಯುವಾಗ ಆ ವಾಸನೆಯೂ ಸುಟ್ಟು ಹೋಗುತ್ತದೆ. ಗಾಳಿ ಸಾಕಷ್ಟು ಸಿಕ್ಕರೆ ಗ್ಯಾಸ್ ಪೂರ್ತಿ ಉರಿದು ನೀರಿನ ಹಬೆ ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಗಾಳಿ ಕಮ್ಮಿಯಾದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಕಣ್ಣು ಉರಿಯುವುದೂ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಉಸಿರೆಳೆದರೂ ಮೆದುಳಿಗೆ, ಹೃದಯಕ್ಕೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ.

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಬಾಡಿಗೆ ಮನೆಯ ಬಚ್ಚಲು ಸಾಮಾನ್ಯವಾಗಿ 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಅಂದರೆ ಒಳಗಿರುವ ಗಾಳಿ ಸುಮಾರು 8 ಘನ ಮೀಟರ್. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿಯಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು 12 ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. ಹೀಗಾಗಿ ಕಿಟಕಿ ಬಾಗಿಲು ಮುಚ್ಚಿ 15 ನಿಮಿಷ ಗೀಸರ್ ಉರಿಸಿದರೆ ಬಚ್ಚಲಿನ ಗಾಳಿಯಲ್ಲಿ ಮೂರನೇ ಒಂದು ಪಾಲು ಅದಕ್ಕೇ ಬೇಕಾಗುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ? ಮೊದಲು ಹೋದವರು ಗಟ್ಟಿಮುಟ್ಟಾಗಿ ಹೊರಗೆ ಬಂದಿರಬಹುದು. ಅವರು ಬಿಟ್ಟುಬಂದ ಕೆಟ್ಟ ಗಾಳಿಗೆ ಎರಡನೆಯವರು ಹೋಗುತ್ತಾರೆ. 'ಇಷ್ಟು ವರ್ಷದಿಂದ ಇದೇ ಗೀಸರ್, ಏನೂ ಆಗಿಲ್ಲ' ಎನ್ನುವ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಷ್ಟು ವರ್ಷ ಕಿಟಕಿ ತೆರೆದಿತ್ತು, ಇವತ್ತು ಚಳಿ ಎಂದು ಮುಚ್ಚಿದರು, ಅಷ್ಟೇ ಸಾಕು.

ಹಳೆ ಬಚ್ಚಲಿನ ಬುದ್ಧಿ

ಕರಾವಳಿಯ ಹಳೆ ಮನೆಗಳ ಬಚ್ಚಲು ನೆನಪು ಮಾಡಿಕೊಳ್ಳಿ. ಮನೆಯಿಂದ ಆಚೆ ಬಚ್ಚಲು ಕೊಟ್ಟಿಗೆ, ಮೇಲೆ ಹಂಚು, ತಾಮ್ರದ ಹಂಡೆ. ತುಂಬ ಕಡೆ ಒಲೆಯ ಬಾಯಿ ಗೋಡೆಯ ಆಚೆಗಿರುತ್ತಿತ್ತು. ಉಮ್ಮ ಹೊರಗೆ ನಿಂತು ತೆಂಗಿನ ಸಿಪ್ಪೆ, ಮಡಲು ತುರುಕಿ ಉರಿ ಹಾಕಿದರೆ ಒಳಗೆ ನೀರು ಕಾಯುತ್ತಿತ್ತು. ಒಳಗೆ ಹೊಗೆ ಬಂದರೂ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಹೆಚ್ಚಾದರೆ ಕಣ್ಣಲ್ಲಿ ನೀರು ಬಂದು, ಕೆಮ್ಮಿಕೊಂಡು ನಾವೇ ಓಡಿ ಹೊರಗೆ ಬರುತ್ತಿದ್ದೆವು.

ಈಗಿನ ಬಚ್ಚಲಿಗೆ ಕಾಂಕ್ರೀಟ್ ಸ್ಲ್ಯಾಬ್, ನೆಲದಿಂದ ಮೇಲಿನವರೆಗೆ ಟೈಲ್ಸ್, ಗಟ್ಟಿ ಕೂರುವ ಫೈಬರ್ ಬಾಗಿಲು, ಅಂಗೈ ಅಗಲದ ಗಾಜಿನ ಕಿಟಕಿ. ಅದರೊಳಗೇ ಬೆಂಕಿ ತಂದಿಟ್ಟಿದ್ದೇವೆ. ಹಿರಿಯರು ಬೆಂಕಿಯನ್ನು ಹೊರಗಿಟ್ಟು ಬಿಸಿನೀರನ್ನು ಮಾತ್ರ ಒಳಗೆ ತಂದುಕೊಂಡಿದ್ದರು. ಗ್ಯಾಸ್ ಗೀಸರಿಗೂ ಮಾಡಬೇಕಾದ್ದು ಅಷ್ಟೇ. ಗೀಸರನ್ನು ಬಚ್ಚಲ ಹೊರಗೋಡೆಗೆ, ಗಾಳಿಯಾಡುವ ಜಾಗದಲ್ಲಿ, ಮಳೆ ನೀರು ಬೀಳದ ಹಾಗೆ ಹಾಕಿಸಿ. ಮಲಗುವ ಕೋಣೆಯ ಕಿಟಕಿಯ ಕೆಳಗೆ ಮಾತ್ರ ಬೇಡ. ಬಿಸಿನೀರಿನ ಪೈಪು ಒಂದೇ ಗೋಡೆ ದಾಟಿ ಒಳಗೆ ಬರಲಿ. ಪ್ಲಂಬರ್‌ಗೆ ಇದು ಅರ್ಧ ದಿನದ ಕೆಲಸ. ಹೊಟೇಲ್, ರೆಸಾರ್ಟ್‌ಗಳ ಈಜುಕೊಳಕ್ಕೆ ನೀರು ಕಾಯಿಸುವ ದೊಡ್ಡ ಗ್ಯಾಸ್ ಹೀಟರಿಗೂ ಇದೇ ನಿಯಮ: ತಾಜಾ ಗಾಳಿ ಒಳಗೆ ಬರ್ಲಿಕ್ಕೆ ದಾರಿ ಬೇಕು, ಸುಟ್ಟ ಗಾಳಿ ಹೊರಗೆ ಹೋಗ್ಲಿಕ್ಕೆ ದಾರಿ ಬೇಕು.

ಸಿಲಿಂಡರ್ ಕೂಡ ಬಚ್ಚಲೊಳಗೆ ಇಡುವುದು ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗದೆ ನೆಲದಲ್ಲಿ, ಗುಂಡಿಯಲ್ಲಿ, ಚರಂಡಿಯಲ್ಲಿ ನಿಲ್ಲುತ್ತದೆ. ಸಿಲಿಂಡರ್ ಯಾವತ್ತೂ ನೆಟ್ಟಗೆ ನಿಂತಿರಬೇಕು, ಅಡ್ಡ ಮಲಗಿಸಬಾರದು.

ಗೀಸರ್ ಹೊರಗೆ ಹಾಕುವವರೆಗೆ

ನಾಳೆಯೇ ಎಲ್ಲರಿಗೂ ಗೀಸರ್ ಸ್ಥಳ ಬದಲಿಸಲು ಆಗಲಿಕ್ಕಿಲ್ಲ. ಅಲ್ಲಿಯವರೆಗೆ ಬಕೆಟ್ ಕ್ರಮ ಇಟ್ಟುಕೊಳ್ಳಿ. ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು ಗೀಸರ್ ಹಚ್ಚಿ, ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಗಾಳಿಯಾಡಲು ಸ್ವಲ್ಪ ಹೊತ್ತು ಬಿಡಿ. ಆಮೇಲೆಯೇ ಬಾಗಿಲು ಹಾಕಿ ಸ್ನಾನ ಮಾಡಿ. ಗೀಸರ್ ಉರಿಯುತ್ತಿರುವಾಗ ಮುಚ್ಚಿದ ಬಚ್ಚಲಲ್ಲಿ ಮನುಷ್ಯರು ಇರಬಾರದು. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ಎಕ್ಸಾಸ್ಟ್ ಫ್ಯಾನ್ ಹಾಕಿದ್ದೇವೆ, ಸಾಕಲ್ವಾ ಎಂದು ಕೇಳುವವರುಂಟು. ಫ್ಯಾನ್ ಗಾಳಿ ಹೊರಗೆ ತಳ್ಳಬೇಕಾದರೆ ಒಳಗೆ ಬರಲು ದಾರಿ ಇರಬೇಕು. ಬಾಗಿಲ ಕೆಳಗೆ ಸಂದಿಯಾಗಲಿ ಜಾಲಿಯಾಗಲಿ ಇಲ್ಲದಿದ್ದರೆ ಅದು ಸುಮ್ಮನೆ ತಿರುಗುತ್ತದೆ. ಹೊಗೆ ಕೊಳವೆ ಇರುವ ಗೀಸರ್ ಆದರೆ ಹೊರಗೆ ಹೋಗುವ ಕೆಟ್ಟ ಗಾಳಿಯನ್ನು ಒಳಕ್ಕೆ ಎಳೆಯುವ ಅಪಾಯವೂ ಉಂಟು. ಫ್ಯಾನ್ ನಂಬಿ ಬಾಗಿಲು ಹಾಕಬೇಡಿ.

ಮಕ್ಕಳನ್ನು, ಪ್ರಾಯದವರನ್ನು ಚಿಲಕ ಹಾಕಿಕೊಂಡು ಸ್ನಾನ ಮಾಡಲು ಬಿಡಬೇಡಿ. ಐದೈದು ನಿಮಿಷಕ್ಕೊಮ್ಮೆ ಹೊರಗಿಂದ ಒಂದು ಕೂಗು ಹಾಕಿ, ಉತ್ತರ ಬರಲಿ.

ಬಾಣಂತಿ ಸ್ನಾನ, ರಂಝಾನ್ ಬೆಳಗು

ನಮ್ಮ ಮನೆಗಳಲ್ಲಿ ಹೆಚ್ಚು ಎಚ್ಚರ ಬೇಕಾದ್ದು ಬಾಣಂತಿ ಸ್ನಾನಕ್ಕೆ. ನಲವತ್ತು ದಿನ ದಿನಾ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಬಿಸಿನೀರು ಹೊಯ್ಯುತ್ತಾರೆ. ಬಾಣಂತಿಗೆ ಗಾಳಿ ತಾಗಬಾರದೆಂದು ಕಿಟಕಿಗೆ ಬಟ್ಟೆ ತುರುಕುತ್ತಾರೆ, ಬಾಗಿಲ ಸಂದಿಗೂ ಗೋಣಿ ಇಡುತ್ತಾರೆ. ಹಂಡೆಯ ಕಾಲದಲ್ಲಿ ಬೆಂಕಿ ಗೋಡೆಯ ಆಚೆಗಿತ್ತು, ಇದು ನಡೆಯಿತು. ಅದೇ ಬಚ್ಚಲಲ್ಲಿ ಗ್ಯಾಸ್ ಗೀಸರ್ ಅರ್ಧ ಗಂಟೆ ಉರಿದರೆ ತಾಯಿ, ಮಗು, ನೀರು ಹೊಯ್ಯುವ ಹೆಂಗಸು, ಮೂವರ ಜೀವವೂ ಅಪಾಯದಲ್ಲಿ. ಬಸುರಿಯರಿಗೂ ಇದು ಕಠಿಣ. ಹೊಟ್ಟೆಯಲ್ಲಿರುವ ಮಗುವಿನ ರಕ್ತ ಈ ವಿಷವನ್ನು ತಾಯಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ. ಬಾಣಂತಿಗೆ ಬಿಸಿನೀರು ಬೇಕಾದಷ್ಟು ಕೊಡಿ. ಅದನ್ನು ಅಡುಗೆಮನೆಯಲ್ಲಿ ಕಾಯಿಸಿ ತಂದುಕೊಡಿ. ಕೋಣೆಯಲ್ಲಿ ಇಡುವ ಕೆಂಡದ ಬಾಣಲೆಗೂ ಇದೇ ಮಾತು: ಇದ್ದಲು ಕೆಂಡ ಕೂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಕೆಂಡ ಇಟ್ಟು ಬಾಗಿಲು ಮುಚ್ಚಿ ಮಲಗಬೇಡಿ.

ಇನ್ನೊಂದು ಹೊತ್ತು ಸಹರಿ ಮತ್ತು ಸುಬ್‌ಹಿ ನಡುವಿನದು. ಬಾಂಗ್ ಆಗುವ ಮೊದಲು ಸ್ನಾನ ಮುಗಿಸಬೇಕೆಂಬ ಅವಸರ, ಹೊರಗೆ ಚಳಿ, ಮನೆಯವರೆಲ್ಲ ನಿದ್ದೆಯಲ್ಲಿ. ಒಳಗೆ ಬಿದ್ದರೆ ಕೇಳುವವರಿಲ್ಲ. ಜುಮಾ ದಿನ, ಪೆರ್ನಾಳ್ ದಿನ ಮನೆಮಂದಿಯೆಲ್ಲ ಒಂದರ ಹಿಂದೆ ಒಂದು ಸ್ನಾನ ಮಾಡುವಾಗ ಗೀಸರ್ ಬಿಡುವಿಲ್ಲದೆ ಉರಿಯುತ್ತದೆ. ಮಲಗುವ ಮುಂಚೆ ಮನೆಯ ಬೆಂಕಿ ಆರಿಸಬೇಕೆಂದು ಪ್ರವಾದಿ(ಸ)ರು ಹೇಳಿದ್ದನ್ನು ಮದ್ರಸದಲ್ಲಿ ಕಲಿತವರು ನಾವು. ನೀರು ಬಳಸಿದರೆ ಮೈಗೆ ಅಪಾಯ ಎಂಬಲ್ಲಿ ತಯಮ್ಮುಮ್‌ಗೆ ಅವಕಾಶ ಕೊಟ್ಟ ದೀನ್ ನಮ್ಮದು. ಜೀವ ಕಾಪಾಡಿಕೊಳ್ಳುವುದು ಕೂಡ ಇಬಾದತ್ತಿನ ಭಾಗವೇ. ಸ್ನಾನದ ಮಸ್‌ಅಲಗಳನ್ನು ಕಲಿಸುವ ಉಸ್ತಾದರು ಅದರ ಜೊತೆ ಗೀಸರ್ ಮಾತನ್ನೂ ಎರಡು ನಿಮಿಷ ಹೇಳಿದರೆ ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ.

ವರ್ಷಕ್ಕೊಮ್ಮೆ ನೋಡಿಸಿ

ಗೀಸರ್ ಹೊರಗಿದ್ದರೂ ನಿಗಾ ಬೇಕು. ಜ್ವಾಲೆ ನೀಲಿಯಾಗಿರಬೇಕು. ಹಳದಿಯೋ ಕೆಂಪೋ ಆದರೆ, ಗೀಸರ್ ಮೇಲ್ಭಾಗದಲ್ಲಿ ಮಸಿ ಕಂಡರೆ, ಹಚ್ಚುವಾಗ 'ಢಬ್' ಎಂದು ಸದ್ದು ಬಂದರೆ ಅವತ್ತೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ಬರ್ನರಿನ ಸಣ್ಣ ತೂತುಗಳಲ್ಲಿ ಧೂಳು, ಜೇಡರ ಬಲೆ ಸೇರಿಕೊಂಡು ಗಾಳಿ ಕಮ್ಮಿಯಾಗುತ್ತದೆ. ಬೋರ್‌ವೆಲ್‌ನ ಗಡಸು ನೀರಾದರೆ ಒಳಗಿನ ತಾಮ್ರದ ಸುರುಳಿಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ನೀರು ಬರುವುದು ಕಮ್ಮಿ, ಉರಿಯುವುದು ಜಾಸ್ತಿ ಎನ್ನುವ ಹಾಗಾಗುತ್ತದೆ. ಮಳೆಗಾಲ ಮುಗಿದು ಚಳಿ ಶುರುವಾಗುವ ಮುಂಚೆ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ.

ರಬ್ಬರ್ ಪೈಪು ಬಿರುಕು ಬಿಟ್ಟಿಲ್ಲವಷ್ಟೇ ಎಂದು ತಿಂಗಳಿಗೊಮ್ಮೆ ನೋಡಿ. ಗ್ಯಾಸ್ ಏಜೆನ್ಸಿಯವರು ಕೊಡುವ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೂ 5 ವರ್ಷಕ್ಕೆ ಬದಲಿಸಬೇಕು. ಸಂದೇಹವಿದ್ದರೆ ಜೋಡಣೆಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ ಎಂದರ್ಥ. ಕಡ್ಡಿ ಗೀರಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ. ಹೊಸದು ಕೊಳ್ಳುವಾಗ ಐಎಸ್‌ಐ ಮುದ್ರೆ, ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುವ ವ್ಯವಸ್ಥೆ, ಇಂತಿಷ್ಟು ನಿಮಿಷಕ್ಕೆ ಆರುವ ಟೈಮರ್ ಇದೆಯೇ ಕೇಳಿ. ಇವೆಲ್ಲ ಇದ್ದರೂ ಮುಚ್ಚಿದ ಬಚ್ಚಲೊಳಗೆ ಹಾಕುವುದು ಬೇಡ.

ಯಾರಾದರೂ ಬಿದ್ದರೆ

ಈ ವಿಷದ ಮೊದಲ ಲಕ್ಷಣ ತಲೆನೋವು, ತಲೆ ತಿರುಗು, ವಾಕರಿಕೆ, ಕಾಲಲ್ಲಿ ಬಲ ಇಲ್ಲದಂತಾಗುವುದು. ಹೊಟ್ಟೆ ಖಾಲಿ, ಬಿ.ಪಿ. ಇರಬೇಕು ಎಂದುಕೊಂಡು ಅಲ್ಲೇ ಕೂತರೆ ಮತ್ತೆ ಏಳಲು ಆಗುವುದಿಲ್ಲ. ಬಚ್ಚಲಲ್ಲಿ ಹೀಗನಿಸಿದ ಕೂಡಲೇ ಮೈಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬನ್ನಿ.

ಒಳಗಿದ್ದವರು ಕರೆದರೂ ಓ ಎನ್ನದಿದ್ದರೆ ಕಾಯಬೇಡಿ, ಬಾಗಿಲು ಒಡೆಯಿರಿ. ಒಳಗೆ ಹೋಗುವವರು ಉಸಿರು ಬಿಗಿಹಿಡಿದು ಹೋಗಿ, ಬಿದ್ದವರನ್ನು ಎಳೆದು ತೆರೆದ ಗಾಳಿಗೆ ತನ್ನಿ. ಇನ್ನೊಬ್ಬರು ಸಿಲಿಂಡರ್ ಬಂದ್ ಮಾಡಿ ಕಿಟಕಿ ತೆರೆಯಲಿ. ಗ್ಯಾಸ್ ವಾಸನೆ ಇದ್ದರೆ ಲೈಟ್, ಫ್ಯಾನ್ ಸ್ವಿಚ್ ಮುಟ್ಟಬೇಡಿ. 108ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ಸಹಾಯವಾಣಿ 1906. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಉಸಿರಿಲ್ಲದಿದ್ದರೆ, ತಿಳಿದವರು ಎದೆ ಒತ್ತಲು ಶುರುಮಾಡಲಿ.

ಇದಕ್ಕೆ ಮೊದಲ ಮದ್ದು ಆಮ್ಲಜನಕ, ಅದು ಆಸ್ಪತ್ರೆಯಲ್ಲೇ ಸಿಗುವುದು. ನಮ್ಮ ಕಡೆಯವರಿಗೆ ಕಾಮಗೆರೆಯಲ್ಲೇ ಹೋಲಿ ಕ್ರಾಸ್ ಆಸ್ಪತ್ರೆ ಉಂಟು, ಕೊಳ್ಳೇಗಾಲದಲ್ಲಿ ಸರಕಾರಿ ಆಸ್ಪತ್ರೆ ಉಂಟು. ಹೋದ ಕೂಡಲೇ 'ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು' ಎಂದು ಡಾಕ್ಟರಿಗೆ ಹೇಳಿ. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬೇಡಿ. ಈ ವಿಷವನ್ನೂ ಆಮ್ಲಜನಕವನ್ನೂ ಬೇರೆ ಮಾಡಿ ತೋರಿಸಲು ಅದಕ್ಕೆ ಬರುವುದಿಲ್ಲ. ರೋಗಿ ಒದ್ದಾಡುತ್ತಿದ್ದರೂ 98 ಎಂದು ತೋರಿಸಬಹುದು. ಎಚ್ಚರವಾಗಿ ಕೂತು ಮಾತಾಡಿದರೂ ಆಸ್ಪತ್ರೆಗೆ ಕರೆದುಕೊಂಡೇ ಹೋಗಿ.

ಮನೆ ಯಜಮಾನರಿಗೆ, ಜಮಾಅತ್‌ಗೆ

ಬಾಡಿಗೆ ಮನೆಯ ಬಚ್ಚಲಿಗೆ ಗೀಸರ್ ಹಾಕಿಸುವವರು ಹೆಚ್ಚಾಗಿ ಮಾಲಕರು, ಅದರ ಕೆಳಗೆ ಸ್ನಾನ ಮಾಡುವವರು ಬಾಡಿಗೆದಾರರು. ಮನೆ ಕೊಡುವ ನಮ್ಮ ಸಹೋದರರಲ್ಲಿ ಒಂದು ವಿನಂತಿ: ಮುಂಗಡ ಹಣ ಎಣಿಸುವ ಮುಂಚೆ ಗೀಸರ್ ಹೊರಗೆ ಹಾಕಿಸಿ, ಬಚ್ಚಲಿಗೆ ಮುಚ್ಚಲಾಗದ ಜಾಲಿ ಇಡಿಸಿ. ಬಾಡಿಗೆಗೆ ಹೋಗುವವರು ಅದನ್ನು ಕೇಳಲು ಸಂಕೋಚಪಡಬೇಡಿ. ಮಸೀದಿಯ ವುಝೂ ಜಾಗದಲ್ಲಿ, ದರ್ಸ್ ಮಕ್ಕಳ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಜಮಾಅತ್ ಕಮಿಟಿಯವರು ಒಮ್ಮೆ ಹೋಗಿ ನೋಡಲಿ.

ಈ ಪುಟ ಮಡಚಿಡುವ ಮುಂಚೆ ಎದ್ದು ನಿಮ್ಮ ಬಚ್ಚಲಿಗೆ ಹೋಗಿ. ಗೀಸರ್ ಎಲ್ಲಿದೆ, ಕಿಟಕಿ ತೆರೆಯುತ್ತದೆಯೇ, ಚಳಿಗೆಂದು ಯಾರಾದರೂ ಅದಕ್ಕೆ ಬಟ್ಟೆ ತುರುಕಿದ್ದಾರೆಯೇ ನೋಡಿ. ತುರುಕಿದ್ದರೆ ಈಗಲೇ ತೆಗೆಯಿರಿ.