ಎಮುವಿನ ಮೊಟ್ಟೆ ಬೇಯುವುದಕ್ಕೆ ಎಷ್ಟು ಹೊತ್ತು?

ಕೋಳಿಮೊಟ್ಟೆಯೊಂದನ್ನು ಕುದಿಯುವ ನೀರಿನಲ್ಲಿಟ್ಟು ಗಟ್ಟಿಯಾಗುವಂತೆ ಬೇಯಿಸಬೇಕಾದರೆ ಹತ್ತು ಹನ್ನೆರಡು ನಿಮಿಷಗಳು ಬೇಕು. ಅಡಿಗೆಮನೆಯ ಪರಿಚಯವುಳ್ಳ ಯಾರಿಗಾದರೂ ಇದು ತಿಳಿದ ಸಂಗತಿ. ಎಮು ಹಕ್ಕಿಯ ಒಂದು ಮೊಟ್ಟೆ ತೂಕದಲ್ಲಿ ಹತ್ತು ಕೋಳಿಮೊಟ್ಟೆಗಳಿಗೆ ಸಮ. ಹಾಗಾದರೆ ಅದು ಬೇಯಲು ಎಷ್ಟು ಹೊತ್ತು ಹಿಡಿಯಬೇಕು?

ಶಾಖಪ್ರಸರಣದ ಪಾಠವನ್ನು ಆರಂಭಿಸುವ ದಿನ ನಾನು ಪ್ರತಿವರ್ಷವೂ ಈ ಪ್ರಶ್ನೆಯನ್ನು ತರಗತಿಯ ಮುಂದಿಡುತ್ತೇನೆ. ಮುಂದಿನ ಸಾಲಿನವರು ಕೂಡಲೇ "ನೂರು ನಿಮಿಷ" ಎನ್ನುತ್ತಾರೆ. ಹಿಂದಿನ ಸಾಲಿನಿಂದ "ಹತ್ತೇ ನಿಮಿಷ ಸಾರ್, ನೀರಿನ ಉಷ್ಣತೆ ಎರಡಕ್ಕೂ ಒಂದೇ ಅಲ್ಲವೆ?" ಎಂಬ ಉತ್ತರ ಬರುತ್ತದೆ. ಎರಡು ಉತ್ತರಗಳೂ ತಪ್ಪು. ಆದರೆ ಎರಡರಲ್ಲಿಯೂ ಸತ್ಯದ ಒಂದೊಂದು ತುಣುಕು ಇದ್ದೇ ಇದೆ.

ಮೊದಲು ಹಕ್ಕಿಯ ವಿಚಾರ. ಎಮು ಆಸ್ಟ್ರೇಲಿಯ ಖಂಡದ ನಿವಾಸಿ. ಎತ್ತರದಲ್ಲಿ ಉಷ್ಟ್ರಪಕ್ಷಿಯನ್ನು ಬಿಟ್ಟರೆ ಇದೇ ಜಗತ್ತಿನ ದೊಡ್ಡ ಹಕ್ಕಿ. ಬೆಳೆದ ಎಮು ಮನುಷ್ಯನ ಎದೆಯೆತ್ತರವನ್ನು ಮೀರಿ ನಿಲ್ಲುತ್ತದೆ, ಮೂವತ್ತರಿಂದ ನಲವತ್ತೈದು ಕಿಲೋಗ್ರಾಂ ತೂಗುತ್ತದೆ. ಹಾರಲಾರದು, ಓಡಬಲ್ಲದು. ಹೆಣ್ಣು ಮೊಟ್ಟೆಯಿಡುವುದು ಅಲ್ಲಿಯ ಚಳಿಗಾಲದಲ್ಲಿ. ಕಾವು ಕೊಡುವ ಹೊಣೆಯೆಲ್ಲ ಗಂಡಿನದು. ಅದು ಸುಮಾರು ಎಂಟು ವಾರ ಆಹಾರವನ್ನು ಮುಟ್ಟದೆ ಗೂಡಿನ ಮೇಲೆ ಕುಳಿತು, ತನ್ನ ತೂಕದ ಮೂರನೆಯ ಒಂದು ಪಾಲನ್ನು ಕಳೆದುಕೊಂಡು ಏಳುತ್ತದೆ. ಮೊಟ್ಟೆಯ ಬಣ್ಣ ಕಡುಹಸಿರು, ಉದ್ದ ಸುಮಾರು 13 ಸೆಂಟಿಮೀಟರ್, ಅಡ್ಡಗಲ 9 ಸೆಂಟಿಮೀಟರ್, ತೂಕ 600 ಗ್ರಾಂ ಆಸುಪಾಸು.

ಈಗ ಲೆಕ್ಕಕ್ಕೆ ಬರೋಣ. ಮೊಟ್ಟೆಯ ಹೊರಮೈಗೆ ತಗಲಿದ ಶಾಖವು ಪದರದಿಂದ ಪದರಕ್ಕೆ ಹಾಯ್ದು ನಡುವಿನ ಹಳದಿಯನ್ನು ತಲಪಬೇಕು. ಹಳದಿಯು 65 ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಕ್ಕೆ ಗಟ್ಟಿಯಾಗತೊಡಗುತ್ತದೆ. ಒಂದರ ವ್ಯಾಸ ಮತ್ತೊಂದರ ಇಮ್ಮಡಿಯಾಗಿರುವ ಎರಡು ಗೋಲಗಳನ್ನು ಊಹಿಸಿಕೊಳ್ಳಿ. ದೊಡ್ಡ ಗೋಲದ ಗಾತ್ರ ಎಂಟುಮಡಿ. ಆದುದರಿಂದ ಅದನ್ನು ಕಾಯಿಸಲು ಎಂಟುಮಡಿ ಶಾಖ ಬೇಕು. ಶಾಖ ಒಳಹೋಗುವ ಬಾಗಿಲಾದ ಹೊರಮೈ ನಾಲ್ಕುಮಡಿ ಮಾತ್ರ. ಅಷ್ಟೇ ಅಲ್ಲ, ಹೊರಗಿನ ಬಿಸಿಗೂ ಒಳಗಿನ ತಂಪಿಗೂ ನಡುವಣ ದೂರ ಇಮ್ಮಡಿಯಾದ ಕಾರಣ ಉಷ್ಣತೆಯ ಇಳಿಜಾರು ಅರ್ಧಕ್ಕೆ ಇಳಿಯುತ್ತದೆ. ಇಳಿಜಾರು ಕಡಿಮೆಯಾದರೆ ಶಾಖದ ಹರಿವೂ ಮಂದ. ನಾಲ್ಕುಮಡಿ ಬಾಗಿಲು, ಅರ್ಧ ವೇಗ; ಅಂದರೆ ಶಾಖ ಒಳಸೇರುವ ದರ ಇಮ್ಮಡಿ. ಒಳಸೇರಬೇಕಾದ ಶಾಖ ಎಂಟುಮಡಿ. ಎಂಟನ್ನು ಎರಡರಿಂದ ಭಾಗಿಸಿದರೆ ನಾಲ್ಕು. ವ್ಯಾಸ ಇಮ್ಮಡಿಯಾದರೆ ಕಾಲ ನಾಲ್ಕುಮಡಿ, ಮುಮ್ಮಡಿಯಾದರೆ ಒಂಬತ್ತುಮಡಿ. ಬೇಯುವ ಕಾಲ ವ್ಯಾಸದ ವರ್ಗವನ್ನು ಅನುಸರಿಸುತ್ತದೆ ಎಂಬುದೇ ನಿಯಮ.

ತೂಕ ಹತ್ತುಮಡಿಯಾದಾಗ ವ್ಯಾಸ ಹತ್ತರ ಘನಮೂಲದಷ್ಟು, ಎಂದರೆ 2.15 ಮಡಿಯಾಗುತ್ತದೆ. ಅದರ ವರ್ಗ 4.6. ಹತ್ತು ಹನ್ನೆರಡು ನಿಮಿಷಗಳನ್ನು ಇದರಿಂದ ಗುಣಿಸಿರಿ: 46ರಿಂದ 55 ನಿಮಿಷ. ಮುಂದಿನ ಸಾಲಿನ ನೂರೂ ಅಲ್ಲ, ಹಿಂದಿನ ಸಾಲಿನ ಹತ್ತೂ ಅಲ್ಲ. ಒಂದು ಗಂಟೆಗೆ ತುಸು ಕಡಿಮೆ.

ನಾನು ಹುಟ್ಟು ಶಾಕಾಹಾರಿ. ಆದಕಾರಣ ನಮ್ಮ ಪ್ರಯೋಗಶಾಲೆಯಲ್ಲಿ ಈ ನಿಯಮವನ್ನು ಪರೀಕ್ಷಿಸಿದ್ದು ಆಲೂಗೆಡ್ಡೆಯ ಮೇಲೆ. ಗೆಡ್ಡೆಗಳನ್ನು ಕೆತ್ತಿ 3 ಸೆಂಟಿಮೀಟರ್ ವ್ಯಾಸದ ಒಂದು ಗುಂಡನ್ನೂ 6 ಸೆಂಟಿಮೀಟರ್ ವ್ಯಾಸದ ಇನ್ನೊಂದನ್ನೂ ಮಾಡಿ, ನಡುವಿಗೆ ಸಪೂರವಾದ ಉಷ್ಣಮಾಪಕವನ್ನು ಚುಚ್ಚಿ, ಕುದಿಯುವ ನೀರಿಗೆ ಇಳಿಬಿಟ್ಟೆವು. ಚಿಕ್ಕದರ ನಡು 80 ಡಿಗ್ರಿಯನ್ನು ಮುಟ್ಟಲು ಸುಮಾರು ಆರು ನಿಮಿಷ ಹಿಡಿಯಿತು, ದೊಡ್ಡದಕ್ಕೆ ಇಪ್ಪತ್ತಮೂರು. ವಾಚಕರು ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ನೀರು 100 ಡಿಗ್ರಿಗಲ್ಲ, ಸುಮಾರು 97ಕ್ಕೇ ಕುದಿಯುತ್ತದೆಂಬುದನ್ನು ಮಾತ್ರ ಮರೆಯಬಾರದು. ಮಂಗಳೂರಿನ ಗೆಡ್ಡೆ ಬೆಂಗಳೂರಿನ ಗೆಡ್ಡೆಗಿಂತ ತುಸು ಬೇಗ ಬೇಯುತ್ತದೆ.

ಎಮುಮೊಟ್ಟೆಯನ್ನು ಇಡಿಯಾಗಿ ಬೇಯಿಸುವುದರಲ್ಲಿ ಒಂದು ತೊಡಕುಂಟು. ಹಳದಿ ಗಟ್ಟಿಯಾಗಲೆಂದು ನಾವು ಕಾದಿರುವ ಅಷ್ಟು ಹೊತ್ತೂ ಹೊರಗಿನ ಬಿಳಿಭಾಗ ಕುದಿಯುವ ನೀರಿನ ಉಷ್ಣತೆಯಲ್ಲಿಯೇ ಇರುತ್ತದೆ. ಅದರಲ್ಲಿನ ಪ್ರೋಟೀನ್ ಎಳೆಗಳು ಬಿಗಿದು, ನೀರನ್ನು ಹಿಂಡಿ, ರಬ್ಬರಿನಂತಾಗುತ್ತವೆ. ಬಿಳಿಯಿಂದ ಹೊರಟ ಗಂಧಕದ ಅನಿಲವು ಹಳದಿಯ ಕಬ್ಬಿಣದೊಡನೆ ಸೇರಿ ನಡುವೆ ಹಸಿರುಗಪ್ಪು ಉಂಗುರವೊಂದನ್ನು ಎಳೆಯುತ್ತದೆ. ಹೆಚ್ಚು ಬೆಂದ ಕೋಳಿಮೊಟ್ಟೆಯಲ್ಲಿ ಇದನ್ನು ನೀವು ಕಂಡಿರಬಹುದು. ವಸ್ತು ದೊಡ್ಡದಾದಂತೆಲ್ಲ ಹೊರಗು ಬಹಳ ಬೇಯುವುದು, ಒಳಗು ಹಸಿ ಉಳಿಯುವುದು ಈ ನಿಯಮದಿಂದ ತಪ್ಪದೆ ಬರುವ ಫಲ. ಆದುದರಿಂದಲೇ ಬಲ್ಲವರು ಚಿಪ್ಪಿಗೆ ರಂಧ್ರ ಕೊರೆದು, ಒಳಗಿನದನ್ನು ಊದಿ ಹೊರತೆಗೆದು, ಕದಡಿ, ಬಾಣಲೆಯಲ್ಲಿ ತೆಳುವಾಗಿ ಹರಡುತ್ತಾರೆ. ಒಂಬತ್ತು ಸೆಂಟಿಮೀಟರಿನ ದಪ್ಪ ಒಂದು ಸೆಂಟಿಮೀಟರಿಗೆ ಇಳಿದೊಡನೆ ಒಂದು ಗಂಟೆಯ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಒಂದು ಮೊಟ್ಟೆಯಿಂದ ಐದಾರು ಜನರಿಗೆ ಊಟ. ಬರಿದಾದ ಚಿಪ್ಪೂ ವ್ಯರ್ಥವಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪವಿರುವ ಅದರ ಮೇಲ್ಪದರ ಕಡುಹಸಿರು, ಅದರ ಕೆಳಗೆ ತಿಳಿಹಸಿರು, ಒಳಗೆ ಬಿಳಿ. ಆಸ್ಟ್ರೇಲಿಯದ ಮೂಲನಿವಾಸಿ ಶಿಲ್ಪಿಗಳು ಪದರಪದರವಾಗಿ ಕೆರೆದು ಅದರ ಮೇಲೆ ಚಿತ್ರಗಳನ್ನು ಮೂಡಿಸುತ್ತಾರೆ.

ಮಾಂಸದ ಕಥೆ ಬೇರೆ. ಎಮು ಹಕ್ಕಿಯೇ ಆದರೂ ಅದರ ಮಾಂಸ ಕೋಳಿಯದರಂತೆ ಬಿಳಿಯಲ್ಲ, ಕಡುಗೆಂಪು. ದಿನವಿಡೀ ನಡೆಯುವ, ಓಡುವ ಸ್ನಾಯುಗಳಿಗೆ ಆಮ್ಲಜನಕದ ದಾಸ್ತಾನು ಬೇಕು. ಆ ದಾಸ್ತಾನನ್ನು ಇಟ್ಟುಕೊಳ್ಳುವ ಮಯೋಗ್ಲೋಬಿನ್ ಎಂಬ ಕೆಂಪು ವಸ್ತು ಅವುಗಳಲ್ಲಿ ತುಂಬಿರುತ್ತದೆ. ಹಾರದ ಹಕ್ಕಿಯಾದುದರಿಂದ ಎದೆಯೆಲುಬಿನ ಏಣಿಲ್ಲ, ಎದೆಮಾಂಸ ಅತ್ಯಲ್ಪ. ತಿನ್ನತಕ್ಕ ಭಾಗವೆಲ್ಲ ತೊಡೆಯಲ್ಲಿಯೂ ಸೊಂಟದ ಮೇಲ್ಭಾಗದಲ್ಲಿಯೂ ಇದೆ. ಕೊಬ್ಬು ಚರ್ಮದ ಕೆಳಗೆ ಪ್ರತ್ಯೇಕವಾಗಿ ಶೇಖರವಾಗಿರುತ್ತದೆಯೇ ಹೊರತು ಮಾಂಸದ ಎಳೆಗಳ ನಡುವೆ ಹರಡಿರುವುದಿಲ್ಲ. ಅಡಿಗೆಯವನಿಗೆ ಕಷ್ಟವಾಗುವುದು ಇಲ್ಲಿಯೇ. ಕೊಬ್ಬಿಲ್ಲದ ಮಾಂಸ 60 ಡಿಗ್ರಿ ದಾಟಿದೊಡನೆ ಕುಗ್ಗತೊಡಗಿ ರಸವನ್ನು ಕಳೆದುಕೊಳ್ಳುತ್ತದೆ, ತೊಗಲಿನಂತಾಗುತ್ತದೆ. ಎರಡೇ ದಾರಿಗಳು: ಮೆತ್ತನೆಯ ಭಾಗವನ್ನು ತೆಳುವಾಗಿ ಹೆಚ್ಚಿ ಬಲವಾದ ಉರಿಯಲ್ಲಿ ಬೇಗ ಮುಗಿಸುವುದು, ಇಲ್ಲವೆ ಕಾಲಿನ ಗಡಸು ಭಾಗವನ್ನು ಆವಿಯಲ್ಲಿಯೋ ಸಾರಿನಲ್ಲಿಯೋ ಗಂಟೆಗಟ್ಟಲೆ ಇಡುವುದು. ಎರಡನೆಯ ದಾರಿಯಲ್ಲಿ ಎಳೆಗಳನ್ನು ಬಂಧಿಸಿದ ಕೊಲಾಜೆನ್ ಎಂಬ ಅಂಟು ನಿಧಾನವಾಗಿ ಕರಗಿ ಮಾಂಸ ಬಿಡಿಬಿಡಿಯಾಗುತ್ತದೆ. ಮಧ್ಯಮಮಾರ್ಗ ಇಲ್ಲಿ ಕೆಲಸಕ್ಕೆ ಬಾರದು.

ಮೂಲನಿವಾಸಿಗಳ ನೆಲದೊಲೆ ಈ ಎರಡನೆಯ ದಾರಿಯದು. ಗುಂಡಿ ತೋಡಿ, ಬೆಂಕಿ ಮಾಡಿ, ಕಲ್ಲುಗಳನ್ನು ಕಾಯಿಸಿ, ಹಕ್ಕಿಯನ್ನಿಟ್ಟು, ಸೊಪ್ಪನ್ನೂ ಮಣ್ಣನ್ನೂ ಮುಚ್ಚಿಬಿಡುತ್ತಾರೆ. ಕಾದ ಕಲ್ಲು ಶಾಖದ ಭಂಡಾರ. ಮೇಲಿನ ಮಣ್ಣು ಶಾಖ ಹೊರಹೋಗದಂತೆ ತಡೆಯುವ ಕಂಬಳಿ. ಹಸಿಸೊಪ್ಪಿನ ಆವಿ ಮಾಂಸ ಒಣಗದಂತೆ ನೋಡಿಕೊಳ್ಳುತ್ತದೆ. ಕಲ್ಲೇ ಸಿಕ್ಕದ ಮರ್ರೆ ಮತ್ತು ಡಾರ್ಲಿಂಗ್ ನದಿಗಳ ಬಯಲಿನಲ್ಲಿ ಜೇಡಿಮಣ್ಣಿನ ಉಂಡೆಗಳನ್ನು ಸುಟ್ಟು ಕಲ್ಲಿನ ಬದಲು ಬಳಸಿದರು. ಆ ಉಂಡೆಗಳ ರಾಶಿಗಳು ಇಂದಿಗೂ ದೊರೆಯುತ್ತವೆ.

ನಮ್ಮ ದೇಶಕ್ಕೂ ಎಮು ಬಂದಿತ್ತು. 1990ರ ದಶಕದ ಕೊನೆಯ ವರ್ಷಗಳಲ್ಲಿ ಆಂಧ್ರಪ್ರದೇಶದಲ್ಲಿ ಆರಂಭವಾದ ಸಾಕಣೆ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳಿಗೂ ಹಬ್ಬಿತು. ವಿಚಿತ್ರವೆಂದರೆ ಈ ಉದ್ಯಮದಲ್ಲಿ ಮೊಟ್ಟೆಯನ್ನಾಗಲಿ ಮಾಂಸವನ್ನಾಗಲಿ ತಿನ್ನುವವರೇ ವಿರಳ. ಮೊಟ್ಟೆಯಿಂದ ಮರಿ, ಮರಿಯಿಂದ ಜೋಡಿ, ಜೋಡಿಯನ್ನು ಕೊಳ್ಳಲು ಮತ್ತೊಬ್ಬ ಸಾಕಣೆಗಾರ. ಬೆಲೆ ನಿಂತದ್ದು ಈ ಸರಪಣಿಯ ಮೇಲೆ. ಊಟದ ತಟ್ಟೆಯವರೆಗೆ ಅದು ತಲಪಲೇ ಇಲ್ಲ. 2012ರಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಯ ಪೆರುಂದುರೈಯಲ್ಲಿ ಸರಪಣಿ ಕಡಿಯಿತು. ಹಣ ಹೂಡಿದ ಸಾವಿರಾರು ಕುಟುಂಬಗಳು ನಷ್ಟಕ್ಕೀಡಾದವು. ಹಕ್ಕಿಗಳಿಗೆ ಮೇವು ಹಾಕುವವರಿಲ್ಲದೆ ಸರ್ಕಾರವೇ ಆ ಭಾರವನ್ನು ಹೊರಬೇಕಾಯಿತು.

ಎಮುವನ್ನು ತಿನ್ನುವ ವಿದ್ಯೆಯ ತೌರು ಆಸ್ಟ್ರೇಲಿಯವೇ ಸರಿ. ಅಲ್ಲಿಯ ಒಂದು ಹಳೆಯ ಅಡಿಗೆಯ ಸಾಕ್ಷ್ಯ ಮೇಲೆ ಹೇಳಿದ ಶಾಖದ ನಿಯಮಕ್ಕೆ ಮತ್ತೆ ನಮ್ಮನ್ನು ಒಯ್ಯುತ್ತದೆ. ಆ ಖಂಡದಲ್ಲಿ ಒಂದಾನೊಂದು ಕಾಲದಲ್ಲಿ ಎಮುವಿಗಿಂತ ಬಹು ದೊಡ್ಡದಾದ ಗೆನಿಯಾರ್ನಿಸ್ ಎಂಬ ಹಾರದ ಹಕ್ಕಿಯಿತ್ತು: ಎರಡು ಮೀಟರ್ ಎತ್ತರ, 200 ಕಿಲೋಗ್ರಾಂಗೂ ಮೀರಿದ ತೂಕ, ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಮೊಟ್ಟೆ. ಕುದಿಯುವ ನೀರಿನಲ್ಲಿಟ್ಟಿದ್ದರೆ ಒಂದೂವರೆ ಗಂಟೆಯಾದರೂ ಬೇಕಾಗುತ್ತಿತ್ತು (ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಲಿ). ಇದರ ಚಿಪ್ಪಿನ ಚೂರುಗಳು ಮರಳುದಿಣ್ಣೆಗಳಲ್ಲಿ ವಿಪುಲವಾಗಿ ಸಿಕ್ಕುತ್ತವೆ. ಇನ್ನೂರಕ್ಕೂ ಹೆಚ್ಚು ಕಡೆಗಳಲ್ಲಿ ಸುಟ್ಟ ಚೂರುಗಳೂ ಸಿಕ್ಕಿವೆ.

ಸುಟ್ಟವರು ಯಾರು? ಕಾಡುಗಿಚ್ಚೂ ಸುಡಬಹುದಷ್ಟೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದ ಗಿಫರ್ಡ್ ಮಿಲ್ಲರ್ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಉತ್ತರ ಬಹು ಸೊಗಸಾದುದು. ಚಿಪ್ಪಿನಲ್ಲಿ ಅಡಗಿರುವ ಅಮೈನೊ ಆಮ್ಲಗಳು ಕಾಯಿಸಿದರೆ ಒಡೆದು ನಾಶವಾಗುತ್ತವೆ. ಕೆಲವು ಚೂರುಗಳಲ್ಲಿ ಒಂದು ತುದಿ ಕಪ್ಪಾಗಿ ಅಮೈನೊ ಆಮ್ಲಗಳು ಪೂರ್ತಿಯಾಗಿ ಅಳಿದಿದ್ದವು. ಕೆಲವೇ ಸೆಂಟಿಮೀಟರ್ ಆಚೆಯ ಇನ್ನೊಂದು ತುದಿಯಲ್ಲಿ ಅವು ಹಾಗೆಯೇ ಉಳಿದಿದ್ದವು. ಬೀಸಿಬರುವ ಕಾಡುಗಿಚ್ಚು ಇಂಥ ಕಡಿದಾದ ಇಳಿಜಾರನ್ನು ಮಾಡಲಾರದು. ಕೆಂಡವೊಂದು ಚಿಪ್ಪಿನ ಒಂದೇ ಬದಿಗೆ ಒತ್ತಿಕೊಂಡಿರಬೇಕು. ಸುಣ್ಣದ ಚಿಪ್ಪು ಶಾಖವನ್ನು ಮಂದವಾಗಿ ಹಾಯಿಸುವುದರಿಂದ ಆಚೆಯ ಬದಿ ತಂಪಾಗಿ ಉಳಿದಿರಬೇಕು. ಎಂದರೆ, ಸುಮಾರು 47,000 ವರ್ಷಗಳ ಹಿಂದೆ ಯಾರೋ ಕೆಂಡದ ಬದಿಯಲ್ಲಿ ಮೊಟ್ಟೆ ಬೇಯಿಸಿ, ತಿಂದು, ಚಿಪ್ಪನ್ನು ಬೂದಿಗೆ ಎಸೆದಿದ್ದಾರೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಗೆನಿಯಾರ್ನಿಸ್ ಕಣ್ಮರೆಯಾಯಿತು. ಈ ಚಿಪ್ಪು ಬೇರೊಂದು ಹಕ್ಕಿಯದಿರಬಹುದೆಂಬ ಆಕ್ಷೇಪ ಬಂದಿತ್ತು. 2022ರಲ್ಲಿ ಚಿಪ್ಪಿನ ಪ್ರಾಚೀನ ಪ್ರೋಟೀನುಗಳನ್ನು ಓದಿದ ವಿಜ್ಞಾನಿಗಳು ಅದು ಗೆನಿಯಾರ್ನಿಸಿನದೇ ಎಂಬ ಪಕ್ಷವನ್ನು ಬಲಪಡಿಸಿದರು. ಆ ಹಕ್ಕಿ ಅಳಿದದ್ದು ಮೊಟ್ಟೆ ತಿಂದವರಿಂದಲೋ ಹವಾಮಾನದ ಬದಲಾವಣೆಯಿಂದಲೋ ಎಂಬ ವಾದ ಇನ್ನೂ ಮುಗಿದಿಲ್ಲ. ಮೊಟ್ಟೆಯಿಂದ ಬಹಳ ನಿಧಾನವಾಗಿ ವಂಶ ಬೆಳೆಸುವ ದೊಡ್ಡ ಹಕ್ಕಿಗೆ ಮೊಟ್ಟೆಗಳ್ಳತನವೊಂದೇ ಸಾಕಾದೀತು ಎಂದು ನನಗಂತೂ ತೋರುತ್ತದೆ.

ವಾದಕ್ಕೆಡೆಯಿಲ್ಲದ ಉದಾಹರಣೆಯೊಂದು ಈಚಿನದು. ಆಸ್ಟ್ರೇಲಿಯಕ್ಕೂ ಟಾಸ್ಮೇನಿಯಕ್ಕೂ ನಡುವಣ ಕಿಂಗ್ ದ್ವೀಪದಲ್ಲಿ ಗಿಡ್ಡಜಾತಿಯ ಎಮುಗಳಿದ್ದವು. 1802ರಲ್ಲಿ ಫ್ರಾನ್ಸಿನ ನಿಕೊಲಾ ಬೋದ್ಯಾನ ಹಡಗುಗಳು ಅಲ್ಲಿಗೆ ಬಂದಾಗ, ಸೀಲುಗಳ ಬೇಟೆಗೆ ಬೀಡುಬಿಟ್ಟಿದ್ದ ನಾವಿಕರು ನಾಯಿಗಳನ್ನು ಛೂಬಿಟ್ಟು ಎಮುಗಳನ್ನು ಹಿಡಿದು ತಿನ್ನುತ್ತಿದ್ದರು. ಕೆಲವೇ ವರ್ಷಗಳಲ್ಲಿ ದ್ವೀಪ ಬರಿದಾಯಿತು. ಫ್ರೆಂಚರು ಜೀವಂತವಾಗಿ ಒಯ್ದಿದ್ದ ದ್ವೀಪದ ಎಮುಗಳಲ್ಲಿ ಕೊನೆಯವು 1822ರಲ್ಲಿ ಪ್ಯಾರಿಸಿನಲ್ಲಿ ಸತ್ತವು.

ಮುಖ್ಯ ಭೂಭಾಗದ ಎಮು ಮಾತ್ರ ಸಾವಿರಾರು ವರ್ಷ ಮನುಷ್ಯನಿಗೆ ಆಹಾರವಾಗಿಯೂ ಉಳಿದುಬಂದಿದೆ. ವಿಶಾಲವಾದ ನೆಲ, ಊರೂರು ಅಲೆಯುವ ಸ್ವಭಾವ ಮೊದಲಾದ ಕಾರಣಗಳು ಹಲವು. ಮೊಟ್ಟೆ ತೆಗೆಯುವುದಕ್ಕೆ ಒಂದು ಕಾಲನಿಯಮವೂ ಅಲ್ಲಿತ್ತು. ಅದರ ಪಂಚಾಂಗ ಬರೆದಿದ್ದುದು ಆಕಾಶದಲ್ಲಿ. ನಾವು ನಕ್ಷತ್ರಗಳನ್ನು ಕೂಡಿಸಿ ಆಕೃತಿ ಕಾಣುತ್ತೇವೆ. ಅವರು ಆಕಾಶಗಂಗೆಯ ಕಪ್ಪು ತೆರಪುಗಳಲ್ಲಿ ಎಮುವನ್ನು ಕಂಡರು. ತ್ರಿಶಂಕು ನಕ್ಷತ್ರಪುಂಜದ ಬಳಿಯ ಕಪ್ಪು ಮಚ್ಚೆಯೇ ತಲೆ. ಅಲ್ಲಿಂದ ವೃಶ್ಚಿಕದವರೆಗೆ ಚಾಚಿದ ಕರಿಯ ಪಟ್ಟಿ ಕೊರಳು ಮತ್ತು ಮೈ. ಕಮಿಲರಾಯ್ ಮತ್ತು ಯುವಾಲಯಿ ಜನರ ತಿಳಿವಳಿಕೆಯನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಆ ಎಮು ಓಡುತ್ತಿರುತ್ತದೆ; ಅದು ಗಂಡುಗಳನ್ನು ಅಟ್ಟಿಸಿಕೊಂಡು ಹೋಗುವ ಹೆಣ್ಣು. ಜೂನ್ ಜುಲೈಗೆ ಕಾಲುಗಳು ಕಾಣದಾಗಿ ಗೂಡಿನ ಮೇಲೆ ಕುಳಿತ ಗಂಡಾಗುತ್ತದೆ. ಮೊಟ್ಟೆ ದೊರೆಯುವ ಕಾಲ ಇದು. ಅಲ್ಲಿಂದ ಮುಂದೆ ಮೊಟ್ಟೆಯೊಳಗೆ ಮರಿ ಬಲಿತಿರುತ್ತದೆ.

ಆ ಕಪ್ಪು ಮಚ್ಚೆ ಶೂನ್ಯವಲ್ಲ; ಸುಮಾರು 600 ಜ್ಯೋತಿರ್ವರ್ಷಗಳ ದೂರದಲ್ಲಿರುವ ಧೂಳಿನ ಮೋಡ, ಹಿಂದಿನ ನಕ್ಷತ್ರಗಳ ಬೆಳಕನ್ನು ಮರೆಮಾಡಿರುವುದು. ಅದನ್ನು ಕಾಣಲು ಆಸ್ಟ್ರೇಲಿಯಕ್ಕೆ ಹೋಗಬೇಕಾಗಿಲ್ಲ. ಮೇ ತಿಂಗಳ ನಡುವೆ, ಚಂದ್ರನಿಲ್ಲದ ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ, ದೀಪಗಳಿಂದ ದೂರವಾದ ಬಯಲಿನಲ್ಲಿ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿರಿ. ತ್ರಿಶಂಕು ದಿಗಂತದ ಮೇಲೆ ನೆಟ್ಟಗೆ ನಿಂತಿರುತ್ತದೆ. ಅದರ ಎಡಕ್ಕೆ, ತುಸು ಕೆಳಗೆ, ಎಮುವಿನ ತಲೆ. ನಮ್ಮ ಕರ್ನಾಟಕದ ದಕ್ಷಿಣ ಭಾಗದಿಂದ ಅದು ದಿಗಂತದಿಂದ ಹದಿನಾಲ್ಕು ಡಿಗ್ರಿ ಮಾತ್ರ ಮೇಲೇರುತ್ತದೆ. ಆದಕಾರಣ ಎದುರಿಗೆ ಗುಡ್ಡವಾಗಲಿ ಮರಗಳಾಗಲಿ ಇರಬಾರದು. ಇನ್ನೆರಡು ಮೂರು ಗಂಟೆ ಕಾಯುವ ತಾಳ್ಮೆಯಿದ್ದರೆ ವೃಶ್ಚಿಕವೂ ಮೇಲೇರಿ ಹಕ್ಕಿಯ ಮೈ ಪೂರ್ತಿ ಕಾಣುತ್ತದೆ.