ಟೊಂಕ ನೋವು: ನಿರ್ಧಾರಕ್ಕೆ ಮುನ್ನ ಅರಿಯಬೇಕಾದುದು

ಬೀದರ ತಾಲ್ಲೂಕಿನ ಬಗದಲ್ ಮೊದಲಾದ ಊರುಗಳಲ್ಲಿ ತೊಗರಿ, ಉದ್ದು, ಹೆಸರು, ಸೋಯಾ ಹೊಲಗಳೇ ಬದುಕಿನ ಆಧಾರ. ಬಗ್ಗಿ ಕಳೆ ತೆಗೆಯುವುದು, ಚೀಲ ಹೊರುವುದು, ಕೊಡ ಎತ್ತುವುದು ಅಲ್ಲಿನ ನಿತ್ಯದ ಕಾಯಕ. ಟೊಂಕ ಹಿಡಿದರೆ ಮನೆಯ ದುಡಿಮೆಯೇ ನಿಲ್ಲುತ್ತದೆ. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆನ್ನುತ್ತಾರೆ. ಆಗ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಸಾಲ ಮಾಡಿಯಾದರೂ ಹೈದರಾಬಾದಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಬೇಕೆ?

ಬಹುತೇಕರಿಗೆ ಅದರ ಅಗತ್ಯವಿಲ್ಲವೆಂಬುದನ್ನು ನಾವು ಮೊದಲು ತಿಳಿಯಬೇಕು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯ ನೋವಿಗೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಎಂ.ಆರ್.ಐ. ವರದಿಯಲ್ಲಿ ಡಿಸ್ಕ್ ಸವೆದಿದೆ ಎಂದಿದ್ದರೆ ಅಷ್ಟಕ್ಕೇ ಎದೆಗುಂದಬೇಕಾಗಿಲ್ಲ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ನೋವೇ ಇಲ್ಲದವರಲ್ಲೂ ಇಪ್ಪತ್ತರ ವಯಸ್ಸಿನಲ್ಲಿ ಶೇ. 37, ಎಂಬತ್ತರಲ್ಲಿ ಶೇ. 96 ಮಂದಿಗೆ ಈ ಸವೆತವಿರುತ್ತದೆ. ಕೂದಲು ನರೆತಂತೆ ಇದೂ ವಯೋಧರ್ಮ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಮಾರ್ಗಸೂಚಿಯಲ್ಲಿ ವ್ಯಾಯಾಮ, ರೋಗಿಗೆ ಸರಿಯಾದ ತಿಳಿವಳಿಕೆ, ಅಂಗಮರ್ದನ, ನೋವುನಿವಾರಕ ಮಾತ್ರೆಗಳಿಗೆ ಮನ್ನಣೆ ನೀಡಿದೆ. ಸೊಂಟದ ಪಟ್ಟಿ, ತೂಕ ಕಟ್ಟಿ ಎಳೆಯುವ ಚಿಕಿತ್ಸೆ, ಅಫೀಮು ಜಾತಿಯ ಔಷಧಗಳನ್ನು ವಾಡಿಕೆಯಾಗಿ ಬಳಸಬಾರದೆಂದಿದೆ. ಮಾತ್ರೆಯನ್ನಾದರೂ ಮೂತ್ರಪಿಂಡದ ರೋಗ, ಹೊಟ್ಟೆಹುಣ್ಣು ಉಳ್ಳವರು ವೈದ್ಯರನ್ನು ಕೇಳದೆ ನುಂಗಬಾರದು. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಆದಷ್ಟು ನಡೆದಾಡುವುದೇ ಮೇಲು.

ಡಿಸ್ಕ್ ಜಾರಿ ನರ ಒತ್ತಿ, ನೋವು ಕಾಲಿಗಿಳಿದವರ ವಿಷಯ ಬೇರೆ. ಅಂಥ 283 ಮಂದಿಯನ್ನು ಕುರಿತ ನೆದರ್ಲ್ಯಾಂಡ್ಸ್ ದೇಶದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಶಸ್ತ್ರಚಿಕಿತ್ಸೆಗೆ ನಿಗದಿಯಾದವರಿಗೆ ನೋವು ಬೇಗ ಇಳಿಯಿತು. ಕಾದು ನೋಡುವ ಗುಂಪಿನಲ್ಲಿ ಶೇ. 39 ಮಂದಿ ಮುಂದೆ ಶಸ್ತ್ರಚಿಕಿತ್ಸೆಗೆ ಒಳಗಾದರು. ಆದರೆ ವರ್ಷ ಕಳೆದಾಗ ಎರಡೂ ಗುಂಪುಗಳಲ್ಲಿ ಶೇ. 95 ಮಂದಿ ಗುಣ ಕಂಡಿದ್ದರು. ತಾಳಿಕೊಳ್ಳಬಲ್ಲವರು ಕಾಯಬಹುದು, ತಾಳಲಾಗದವರು ಮಾಡಿಸಿಕೊಳ್ಳಬಹುದು. ಆಯ್ಕೆ ರೋಗಿಯದು.

ಆದರೆ ಕೆಲವು ಲಕ್ಷಣಗಳು ಕಂಡರೆ ತಡಮಾಡಲೇಬಾರದು. ಮಲಮೂತ್ರದ ಹತೋಟಿ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯಲ್ಲಿ ಜೋಮು ಹಿಡಿದರೆ, ಕಾಲಿನ ಬಲ ಕುಂದಿದರೆ ಅಂದೇ ಬೀದರಿನ ಬ್ರಿಮ್ಸ್‌ನಂಥ ದೊಡ್ಡ ಆಸ್ಪತ್ರೆ ಸೇರಬೇಕು. ನೋವಿನೊಡನೆ ಜ್ವರ, ತೂಕದ ಇಳಿಕೆ ಇದ್ದರೆ ಬೆನ್ನೆಲುಬಿನ ಕ್ಷಯವಿರಬಹುದು, ಅದಕ್ಕೆ ಔಷಧವುಂಟು.

ಉಳಿದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಮಾತು ಕೇಳಲಿ: ಇದರಿಂದ ನನ್ನ ಯಾವ ಕಷ್ಟ ನೀಗುತ್ತದೆ? ಮಾಡಿಸದಿದ್ದರೆ ಏನಾಗುತ್ತದೆ? ಮತ್ತೆ ಹೊಲದ ಕೆಲಸಕ್ಕೆ ಎಂದು ಮರಳಬಹುದು? ಉತ್ತರ ಮನಸ್ಸಿಗೆ ಒಪ್ಪದಿದ್ದರೆ ಮತ್ತೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ವೈದ್ಯರಿಗೆ ಅಗೌರವವಲ್ಲ, ರೋಗಿಯ ಹಕ್ಕು ಎಂದು ನಾವು ಭಾವಿಸುತ್ತೇವೆ.